ವೈರಿಗೂ ಒಂದು ತಂಬಿಗೆ ನೀರು

ಗೆಳೆಯರೇ, ನಮ್ಮ ಹಳ್ಳಿ ಇಂದೂರಿನಲ್ಲಿ ಕೌಬಾಯ್ ಸಿನಿಮಾ ತೆಗೆಯಲು ಸಾಧ್ಯವಿಲ್ಲ, ಬರೆದಿಟ್ಟುಕೊಳ್ಳಿ! ಕಾಲೇಜಿಗೆ ಒಪ್ಪಿಸಬೇಕಾದ ನನ್ನ ಕಿರುಚಿತ್ರದ ಆರಂಭ ಇಷ್ಟೇ: ಟೋಪಿ ಹಾಕಿದ ಅಪರಿಚಿತ ಊರೊಳಗೆ ಬರುತ್ತಾನೆ, ಕಟ್ಟೆಯ ಮೇಲಿನ ಮುದುಕ ಮಾತಿಲ್ಲದೆ ದುರುಗುಟ್ಟಿ ನೋಡುತ್ತಾನೆ. ಮುದುಕನಾಗಿ ನಮ್ಮ ಬಸಣ್ಣ ಕಾಕಾ. ಇವತ್ತು ಐದು ಟೇಕ್ ತೆಗೆದೆ. ಐದರಲ್ಲೂ ಕಾಕಾ, "ಬಾ ತಮ್ಮಾ, ಯಾವೂರು? ಕುಂದ್ರು, ನೀರು ಕುಡಿ" ಎಂದುಬಿಟ್ಟರು.

"ಕಾಕಾ, ಅಂವ ನಿಮ್ಮ ವೈರಿ ರೀ! ಸುಮ್ಮನ ಸಿಟ್ಟಿಲೆ ನೋಡ್ರಿ!" ಎಂದು ಕಿರುಚಿದೆ.

ಕಾಕಾ ನನ್ನನ್ನೇ ದುರುಗುಟ್ಟಿ ನೋಡಿದರು. "ವೈರಿ ಆದ್ರ ಏನಾತು? ಬಿಸಲಾಗ ಬಂದಾಂವಗ ನೀರು ಕೊಡಬಾರದೇನು? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಎಂಥ ನೋಟ ಅದು! ನನಗೆ ಬೇಕಿದ್ದದ್ದೂ ಅದೇ. ಕ್ಯಾಮೆರಾ ಮಾತ್ರ ಟೋಪಿಯವನ ಕಡೆಗಿತ್ತು. ಅವನು ಕಾಕಾ ಕೊಟ್ಟ ಬೆಲ್ಲ ಕಚ್ಚಿಕೊಂಡು ನೀರು ಕುಡಿಯುತ್ತಿದ್ದ.