ಭಾವನವರು ನೆಟ್ಟಗೆ ಮಾಡಿದ ಬಾಲ

ನನ್ನ ಭಾವನವರೂ ಅವರ ತಂಗಿಯಾದ ನನ್ನ ಹೆಂಡತಿಯೂ ವಸ್ತುಸಂಗ್ರಹಾಲಯದಲ್ಲಿ ಪಳೆಯುಳಿಕೆಗಳಿಗೆ ಅಂಟಿದ ಕಲ್ಲನ್ನು ಸೂಜಿಯಿಂದ ಬಿಡಿಸುತ್ತಿದ್ದರು. ೧೯೭೪ರ ಮಾರ್ಚ್ ೧೧, ಸೋಮವಾರ, ಎಂದೋ ಅಳಿದುಹೋದ ಕಡಲ ಮೊಸಳೆಯೊಂದರ ತಲೆ ತಂಗಿಯ ಮೇಜಿಗೂ ಬಾಲ ಅಣ್ಣನ ಮೇಜಿಗೂ ಬಂದವು.

“ಹಲ್ಲೆಲ್ಲ ಅವಳಿಗೆ, ನನಗೆ ಬರೀ ಬಾಲ!” ಎಂದು ಭಾವನವರು ಕುದಿದರು. ತಂಗಿಗಿಂತ ಮೊದಲು ಮುಗಿಸುವ ಹಟದಲ್ಲಿ, ತುದಿಯಲ್ಲಿ ಕೆಳಕ್ಕೆ ಬಾಗಿದ್ದ ಮೂಳೆಗಳನ್ನು ಮುರಿದವೆಂದು ಬಗೆದು, ನೆಟ್ಟಗೆ ಜೋಡಿಸಿ ಅಂಟಿಸಿದರು.

“ಅಯ್ಯೋ ಅಣ್ಣ, ಆ ಬಾಗಿದ ತುದಿಗೇ ಈಜುರೆಕ್ಕೆ ಇದ್ದದ್ದು! ಹೊಳೆ ಮೊಸಳೆ ಮಾಡಿಬಿಟ್ಟೆಯಲ್ಲ!”

“ತಲೆ ಸಿಕ್ಕಿದ ಮಾತ್ರಕ್ಕೆ ಎಲ್ಲಾ ಗೊತ್ತಾ ನಿನಗೆ?”

“ಸಾಹೇಬರಿಗೆ ಹೇಳಲ್ಲ, ಬಾ, ಇಬ್ಬರೂ ಅಂಟು ಬಿಡಿಸೋಣ.”

ಆ ಔದಾರ್ಯಕ್ಕೆ ಭಾವನವರ ಹೊಟ್ಟೆ ಇನ್ನಷ್ಟು ಉರಿಯಿತು. ತಪ್ಪು ಮುಚ್ಚಿಟ್ಟು ಕಾಪಾಡಿದವಳೆಂಬ ಹೆಸರೂ ಅವಳಿಗೆ ಸಲ್ಲಬಾರದೆಂದು, ತಾವೇ ಸಾಹೇಬರ ಕೋಣೆಗೆ ಹೋಗಿ ಒಪ್ಪಿಕೊಂಡರು.