ಟೆರೇಸಿನ ಮೇಲೆ ಕೆರೆ ನೀರು

ಎರಡು ಸಾವಿರದ ಇಸವಿ ದಾಟಿದ ಮೇಲಿನ ಎರಡು ವರ್ಷ, ನನ್ನ ಭಾನುವಾರಗಳೆಲ್ಲ ಹೊಸ ತಿಪ್ಪಸಂದ್ರದ ಬಾಡಿಗೆ ಮನೆಯ ಟೆರೇಸಿನ ಮೇಲೇ ಕಳೆದವು. ವಾರವಿಡೀ ಶಿವಾಜಿನಗರದ ಕಾಲೇಜೊಂದರಲ್ಲಿ ರಸಾಯನಶಾಸ್ತ್ರದ ಪಾಠ. ಮಿಕ್ಕ ಹೊತ್ತಿನಲ್ಲಿ ಪಿಎಚ್.ಡಿ. ನಾವು ನುಂಗಿದ ಆಂಟಿಬಯೋಟಿಕ್ ಮಾತ್ರೆಯ ಒಂದು ಪಾಲು ಮೈಯಿಂದ ಹಾಗೇ ಹೊರಬಿದ್ದು ಚರಂಡಿ ಸೇರುತ್ತದೆ. ಗೋಡೆಯ ಬಣ್ಣಕ್ಕೆ ಬೆರೆಸುವಂಥ ಒಂದು ಬಿಳಿ ಪುಡಿಯನ್ನು ಆ ನೀರಿಗೆ ಹಾಕಿ ಬಿಸಿಲಿಗಿಟ್ಟರೆ, ಬೆಳಕು ತಾಗಿದ ಪುಡಿ ಔಷಧಿಯನ್ನು ಒಡೆದುಹಾಕುತ್ತದೆ. ಅದೇ ನನ್ನ ವಿಷಯ.

ಬಿಸಿಲಿನ ಬದಲು ಬಳಸಬಹುದಾಗಿದ್ದ ಕಾಲೇಜಿನ ನೇರಳಾತೀತ ದೀಪ ಕೆಟ್ಟು ತಿಂಗಳುಗಳಾದರೂ ರಿಪೇರಿಯಾಗಲಿಲ್ಲ. ಹಾಗಾಗಿ ಟೆರೇಸು, ಗಾಜಿನ ಟ್ರೇಗಳು, ನೆತ್ತಿ ಸುಡುವ ಬಿಸಿಲು. ಎಷ್ಟು ಔಷಧಿ ಉಳಿದಿದೆ ಎಂದು ಆಮೇಲೆ ಅಳೆಯಲು ಅರ್ಧ ಗಂಟೆಗೊಮ್ಮೆ ಒಂದಿಷ್ಟು ನೀರು ತೆಗೆದು, ಬೆಳಕು ತಾಗದಂತೆ ಕಪ್ಪು ಕಾಗದ ಸುತ್ತಿದ ಬಾಟಲಿಗೆ ತುಂಬಬೇಕು.

ಮನೆ ಮಾಲೀಕರ ತಾಯಿ ಬಟ್ಟೆ ಒಣಗಿಸಲು ಬಂದವರು ಮೊದಲ ದಿನವೇ ಕೇಳಿದರು, "ಏನ್ ಟೀಚರಮ್ಮ, ಸಂಡಿಗೆ ಹಾಕಿದ್ದೀರಾ?"

"ಇಲ್ಲ ಅಜ್ಜಿ. ನೀರಲ್ಲಿರೋ ಔಷಧಿ ತೆಗೀತಿದ್ದೀನಿ."

"ಔಷಧಿ ಒಳ್ಳೇದಲ್ವಾ? ಯಾಕೆ ತೆಗೀಬೇಕು?"

ನೀರಿನಲ್ಲಿ ಸದಾ ಸ್ವಲ್ಪ ಔಷಧಿ ಇದ್ದರೆ ರೋಗದ ಕ್ರಿಮಿಗಳು ಅದಕ್ಕೆ ಒಗ್ಗಿಹೋಗುತ್ತವೆ, ಆಮೇಲೆ ಮಾತ್ರೆ ನಾಟುವುದಿಲ್ಲ ಎಂದು ಹೇಳಿದೆ. ಅಜ್ಜಿ ಬಟ್ಟೆ ಹಿಂಡುತ್ತಾ ಯೋಚಿಸಿದರು. "ಹೋದ್ ತಿಂಗ್ಳು ಕಾಲಿನ ಗಾಯಕ್ಕೆ ಡಾಕ್ಟ್ರು ಕೊಟ್ಟಿದ್ರಲ್ಲ, ವಾಸಿ ಆಯ್ತು ಅಂತ ಮಿಕ್ಕಿದ್ನ ಬಚ್ಚಲಿಗೆ ಹಾಕ್ಬಿಟ್ಟೆ. ತಪ್ಪಾಯ್ತಾ?"

ನನಗೆ ಬೈಯುವ ಮನಸ್ಸಾಗಲಿಲ್ಲ. ಹಿಂದಿನ ವರ್ಷ ಮಗಳ ಕೆಮ್ಮಿನ ಔಷಧಿ ಮಿಕ್ಕಾಗ ನಾನೂ ಸಿಂಕಿಗೇ ಸುರಿದಿದ್ದೆ. ಓದಿ ಗೊತ್ತಿದ್ದವಳು ನಾನು.

ನಾನೇ ಔಷಧಿ ಬೆರೆಸಿದ ಶುದ್ಧ ನೀರಿನಲ್ಲಿ ಪ್ರಯೋಗ ಚೆನ್ನಾಗಿ ನಡೆಯಿತು. ಔಷಧಿಯ ತೆಳು ಹಳದಿ ಬಣ್ಣ ಮಧ್ಯಾಹ್ನದ ಹೊತ್ತಿಗೆ ಮಾಯ. ಆ ಹುಮ್ಮಸ್ಸಿನಲ್ಲಿ ಒಂದು ಶನಿವಾರ ಕಾಲೇಜಿನಿಂದ ಬರುತ್ತಾ ಹಲಸೂರಿನಲ್ಲಿ ಇಳಿದು, ಕೆರೆಯಿಂದ ಒಂದು ಕ್ಯಾನ್ ನೀರು ತುಂಬಿಕೊಂಡೆ. ಮುಂದಿನ ಬಸ್ಸಿನ ಕಂಡಕ್ಟರ್ ಮುಖ ಗಂಟಿಕ್ಕಿದ. "ಮೇಡಂ, ಸೀಮೆಎಣ್ಣೆನಾ?"

"ಕೆರೆ ನೀರು."

"ಮನೇಲಿ ಅಷ್ಟೂ ನೀರಿಲ್ವಾ ಮೇಡಂ?"

ಮರುದಿನ ಕೆರೆ ನೀರಿಗೂ ಅದೇ ಔಷಧಿ ಬೆರೆಸಿ ಬಿಸಿಲಿಗಿಟ್ಟೆ. ಸಂಜೆಯಾದರೂ ಹೆಚ್ಚೇನೂ ಬದಲಾಗಲಿಲ್ಲ. ಕೆರೆಯ ಪಾಚಿ, ಕೊಳೆ ಬೆಳಕನ್ನೇ ತಡೆಯುತ್ತಿದ್ದವು. ಪುಡಿಯ ಶಕ್ತಿಯೆಲ್ಲ ಆ ಕೊಳೆಯ ಮೇಲೇ ಮುಗಿಯುತ್ತಿತ್ತು. ಸೋಸಿ ನೋಡಿದೆ, ಪುಡಿ ಹೆಚ್ಚಿಸಿ ನೋಡಿದೆ. ಎಷ್ಟೋ ಭಾನುವಾರಗಳ ನಂತರ ಒಂದು ಪಾಲು ಔಷಧಿ ಮಾತ್ರ ಹೋಯಿತು. ಮೇಲಾಗಿ, ಹಾಲಿನಂತೆ ಕದಡಿದ ಆ ಪುಡಿಯನ್ನು ನೀರಿನಿಂದ ಮತ್ತೆ ಬೇರ್ಪಡಿಸುವುದೇ ಇನ್ನೊಂದು ಪಾಡು. ಸೊಂಟ ಹಿಡಿದುಕೊಂಡಿತ್ತು. ಮಗಳು ನನ್ನನ್ನು ಏನಾದರೂ ಕೇಳುವುದನ್ನೇ ಬಿಟ್ಟಿದ್ದಳು.

ನನ್ನ ಮಾರ್ಗದರ್ಶಕರು ಒಳ್ಳೆಯವರು, ಅವರೂ ದಣಿದಿದ್ದರು. "ಕೆರೆ ನೀರಿನ ಚಾಪ್ಟರ್ ಬಿಟ್ಬಿಡಿ ಅಮ್ಮ. ಉಳಿದಿದ್ದು ಸಾಕು, ಡಿಗ್ರಿ ಬರುತ್ತೆ."

"ಸರ್, ನಿಜವಾಗ್ಲೂ ಆಗಿದ್ದು ಅದೇ. ಅದನ್ನ ಬಿಟ್ರೆ ನಾನು ಬಾಟಲಿ ನೀರು ಶುದ್ಧ ಮಾಡ್ದೆ ಅಂತ ಬರೆದಂಗಾಗುತ್ತೆ."

"ಸರಿ, ಚಿಕ್ಕದಾಗಿ ಬರೀರಿ" ಎಂದರು. ಹದಿನೊಂದು ಪುಟ ಬರೆದೆ. ಪದವಿ ಬಂತು. ಸಂಶೋಧನೆ ಮುಂದುವರಿಸುವ ತ್ರಾಣ ಉಳಿದಿರಲಿಲ್ಲ. ಮೊದಲ ಬಿಡುವಿನ ಭಾನುವಾರ ಮಗಳ ಪಕ್ಕ ಕೂತಾಗ, ಅವಳು ಅಷ್ಟರಲ್ಲಿ ಏಳನೇ ಕ್ಲಾಸಿಗೆ ಬಂದಿದ್ದಾಳೆ ಎನ್ನುವುದು ಹೊಸ ಸುದ್ದಿಯ ಹಾಗೆ ಅನ್ನಿಸಿತು.