ಆಲೆಮನೆಯಲ್ಲಿ ಒಣಗಿದ ಹಲಗೆ

ಮರಿಗೌಡರು ಮಾತಾಡುವಾಗ ಎದುರಿಗಿದ್ದವರ ಮುಖ ನೋಡುತ್ತಿರಲಿಲ್ಲ. ಅವರ ತಲೆಯ ಮೇಲಿಂದ ತೆಂಗಿನ ಗರಿ ನೋಡುತ್ತಿದ್ದರು. ಗರಿಗಳು ಒಂದೇ ಕಡೆಗೆ ವಾಲಿದರೆ ಮಾತನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗುತ್ತಿದ್ದರು. ಭಾರತೀನಗರದ ಆಚೆಗಿನ ಅವರ ಊರಿನಲ್ಲಿ ಇದನ್ನು ಮಿಲಿಟರಿ ಜಂಬ ಎಂದುಕೊಂಡವರೇ ಹೆಚ್ಚು. ಅವರು ಹೋಗುತ್ತಿದ್ದುದು ಕೆರೆಗೆ.

ಸೈನ್ಯದಲ್ಲಿದ್ದಾಗ ಅವರು ಹಾಯಿಹಲಗೆ ಓಡಿಸುವುದನ್ನು ಕಲಿತಿದ್ದರು. ಆಳುದ್ದಕ್ಕಿಂತ ಉದ್ದನೆಯ ಹಲಗೆ, ಅದರ ನಡುವೆ ಕಂಬ, ಕಂಬಕ್ಕೊಂದು ಹಾಯಿ. ಅದರ ಮೇಲೆ ನಿಂತು, ಗಾಳಿ ಹಿಡಿದು ನೀರಿನ ಮೇಲೆ ಸಾಗುವ ಆಟ. ನಿವೃತ್ತರಾಗಿ ಬರುವಾಗ ಹಳೆಯದೊಂದನ್ನು ಕೊಂಡು ತಂದಿದ್ದರು. ತಾಲ್ಲೂಕು ವರದಿಗಾರನಾಗಿ ನಾನು ಫೋಟೊ ತೆಗೆಯಲು ಹೋದ ದಿನ ಕೆರೆ ಏರಿಯ ಮೇಲೆ ಕುಳಿತಿದ್ದ ಒಬ್ಬರು, "ಏನ್ ಮರಿಗೌಡ, ಪಂಚೆ ಒಣಗಾಕಕೆ ಕೆರೆ ಮದ್ಯಕ್ಕೇ ಓಗ್ಬೇಕಾ?" ಎಂದು ಕೂಗಿದರು. ಮರಿಗೌಡರು ದಡಕ್ಕೆ ಬಂದು ಹಾಯಿ ಇಳಿಸಿದ ಮೇಲೆ ಉತ್ತರ ಕೊಟ್ಟರು: "ನಿಂದೂ ಕೊಡು, ಒಣಗಿಸ್ಕೊಡ್ತೀನಿ. ಒಗ್ದು ಕೊಡು ಮತ್ತೆ."

ಮಗಳು ಸವಿತಾ ಅಪ್ಪನಿಗಿಂತ ಚೆನ್ನಾಗಿ ಕಲಿತಳು. ರಾಜ್ಯ ತಂಡದ ಆಯ್ಕೆಗೆ ಅವಳ ವಯಸ್ಸಿಗೆ ಅದೇ ಕೊನೆಯ ವರ್ಷ. ಹಲಗೆಯನ್ನು ಅವರವರೇ ತರಬೇಕಿತ್ತು. ಇನ್ನೊಂದು ಕೊಳ್ಳುವ ಮಾತು ಆ ಮನೆಯಲ್ಲಿ ಇರಲಿಲ್ಲ.

ಆಯ್ಕೆಗೆ ತಿಂಗಳಿರುವಾಗ, ಪಕ್ಕದ ಮನೆಯಲ್ಲೇ ಇದ್ದ ಅಣ್ಣ ಸಿದ್ದೇಗೌಡರ ಗದ್ದೆಗೆ ಕಬ್ಬು ಕಡಿಯಲು ಆಳುಗಳು ಬಂದರು. ಹೊರೆ ಹೊತ್ತು ನಾಲೆ ದಾಟಲು ಅವರಿಗೊಂದು ಹಲಗೆ ಬೇಕಿತ್ತು. ತಮ್ಮನ ಕೊಟ್ಟಿಗೆಯಲ್ಲಿದ್ದುದನ್ನು ಸಿದ್ದೇಗೌಡರು ತಾವೇ ಹೊತ್ತುಕೊಂಡು ಹೋಗಿ ಹಾಸಿದರು. ಸಂಜೆಗೆ ಅದರ ತಳ ಸೀಳಿತ್ತು. ನಾಲೆಯ ನೀರು ಒಳಗೆ ಸೇರಿತ್ತು.

"ಅಲಗೆ ಅಂದ್ಮೇಲೆ ಮನ್ಸನ್ ಬಾರ ತಡೀದೆ ಇರ್ತದಾ?" ಎಂದು ಅವರು ನಿಜಕ್ಕೂ ಆಶ್ಚರ್ಯಪಟ್ಟರು.

ಮರಿಗೌಡರು ಬೈಯಲಿಲ್ಲ. ಮನೆಯಲ್ಲೇ ರಿಪೇರಿಗೆ ಕೂತರು. ಒಡೆದ ಮೇಲ್ಪದರವನ್ನು ಉಜ್ಜಿ ತೆಗೆದು, "ಒಳ್ಗಡೆ ತರ್ಮಾಕೋಲ್ ತರದ್ದು ಅದೆ ಸಾ. ನೀರ್ ಕುಡ್ದದೆ. ಅಸಿ ಇರೋವಾಗ್ಲೇ ಮುಚ್ಚುದ್ರೆ ಆಮೇಲೆ ಪದರ ಕಿತ್ಕೊಂಡ್ ಬತ್ತದೆ," ಎಂದು ನನಗೆ ತೋರಿಸಿದರು. ನೆರಳಲ್ಲಿ, ಗಾಳಿಯಾಡುವ ಕಡೆ ತೂಗುಹಾಕಿದರು. ದಿನಾ ಬೆಳಿಗ್ಗೆ ಅಣ್ಣನ ಆಲೆಮನೆಗೆ ಒಯ್ದು ಬೆಲ್ಲ ತೂಗುವ ತಕ್ಕಡಿಗೆ ಇಡುತ್ತಿದ್ದರು. ತೂಕ ಇಳಿಯುವುದು ನಿಂತರೆ ಒಣಗಿದಂತೆ. ಸಿದ್ದೇಗೌಡರೂ ಪಕ್ಕದಲ್ಲಿ ನಿಂತು ನೋಡುತ್ತಿದ್ದರು. ತಪ್ಪು ತಮ್ಮದೆಂದು ಅಷ್ಟರಲ್ಲಿ ಅವರಿಗೆ ತಿಳಿದಿತ್ತು. ಸರಿಯಾಗಿ ಉಣ್ಣುತ್ತಿರಲಿಲ್ಲ.

"ಬಿಸ್ಲಿಗಾರ ಇಡ್ಲಾ, ಬಿರ್ನೆ ಒಣಗ್ಲಿ."

"ಬ್ಯಾಡ ಕಣಣ್ಣ. ಅದ್ಕೆ ಕಾವಾಗಕಿಲ್ಲ."

ಫೈಬರ್ ಬಟ್ಟೆ, ಅದನ್ನು ಅಂಟಿಸುವ ರೆಸಿನ್ ತರಲು ಮರಿಗೌಡರು ಒಂದು ದಿನ ನನ್ನ ಸ್ಕೂಟರಿನಲ್ಲಿ ಮಂಡ್ಯಕ್ಕೆ ಬಂದರು. ವಾಪಸ್ಸು ಹೋದಾಗ ಕೊಟ್ಟಿಗೆ ಖಾಲಿ. ಹಲಗೆ ಆಲೆಮನೆಯಲ್ಲಿತ್ತು, ಕೊಪ್ಪರಿಗೆ ಕುದಿಯುವ ಒಲೆಯ ಗೋಡೆಗೆ ಒರಗಿಕೊಂಡು. ಹೊರಗಿನ ಬಣ್ಣ ಇದ್ದಂತೆಯೇ ಇತ್ತು. ಮರಿಗೌಡರು ಹೆಬ್ಬೆರಳಿನಿಂದ ಒತ್ತಿದರು. ಮೇಲ್ಪದರ ತಗ್ಗಿತು, ಅದರ ಕೆಳಗೆ ಏನೂ ತಡೆಯಲಿಲ್ಲ. ಒಳಗಿನದೆಲ್ಲ ಕಾವಿಗೆ ಕರಗಿ ಮುದುಡಿತ್ತು. ಅದರ ಮೇಲೆ ಇನ್ನು ಯಾರೂ ನಿಲ್ಲುವಂತಿರಲಿಲ್ಲ.

"ತೂಕ ನಾನೇ ಆಕ್ದೆ ಕಣ್ಲಾ," ಎಂದರು ಸಿದ್ದೇಗೌಡರು. ವಾರದಲ್ಲಿ ಮೊದಲ ಸಲ ಅವರ ಮುಖದಲ್ಲಿ ಕಳೆ ಬಂದಿತ್ತು. "ಎಂಗ್ ಅಗುರಾಗದೆ ನೋಡು."

"ಆಗದೆ ಬುಡಣ್ಣ," ಎಂದರು ಮರಿಗೌಡರು.

ಮಾರನೆಯ ದಿನದಿಂದ ಅವರು ಆ ಟೊಳ್ಳು ಹಲಗೆಗೆ ಬಟ್ಟೆ ಹೊದಿಸಿ, ರೆಸಿನ್ ಬಳಿದು, ಕೈ ಜಾರುವಷ್ಟು ನಯವಾಗಿ ಉಜ್ಜಿ ಬಣ್ಣ ಹಚ್ಚಿದರು. ಯಾಕೆ ಎಂದು ಕೇಳಿದೆ.

"ನನ್ನ ಸಾಕ್ದೋನು ಸಾ ಅವ್ನು. ಅಲಗೆ ಪೂರಾ ಆಳಾಗಿದ್ದು ನಿನ್ನಿಂದ್ಲೇ ಅಂತ ಎಂಗೇಳನ?"

"ಸವಿತಾಗೆ?"

"ಸಣ್ಣೋಳು. ತಡ್ಕತಾಳೆ."

ಆಯ್ಕೆಯ ದಿನ ಸಿದ್ದೇಗೌಡರೇ ಹಲಗೆಯನ್ನು ಗೂಡ್ಸ್ ಆಟೊಗೆ ಏರಿಸಿ, ಹೂ ಮುಡಿಸಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಕಳಿಸಿದರು. ಅಪ್ಪ ಮಗಳು ಜಲಾಶಯದ ದಡದವರೆಗೂ ಹೋದರು. ಹಲಗೆ ಇಳಿಸಲಿಲ್ಲ. ಬುತ್ತಿ ಬಿಚ್ಚಿ ಉಂಡರು, ಬೇರೆಯವರ ಮಕ್ಕಳ ಹಾಯಿಗಳನ್ನು ನೋಡಿದರು, ಸಂಜೆಗೆ ಹಿಂತಿರುಗಿದರು. ಹುಡುಗಿ ಸೋತಳು ಎಂದು ಮರಿಗೌಡರು ಊರಿಗೆ ಹೇಳಿದರು.

"ಇಳೀದೇ ಇದ್ದ ನೀರಲ್ಲಿ ಸೋತೋಳು ನಾನೊಬ್ಳೇ ಸಾರ್," ಎಂದು ಸವಿತಾ ಆಮೇಲೆ ನನಗೆ ಹೇಳಿದಳು. ಅವಳು ಅಪ್ಪನ ಜೊತೆ ಮತ್ತೆ ಕೆರೆಯ ಕಡೆ ಹೋಗಲಿಲ್ಲ. ಒಂದೇ ಮನೆಯಲ್ಲಿದ್ದು ಬೇಕಾದಷ್ಟೇ ಮಾತಾಡಿದಳು, ಮದುವೆಯಾಗಿ ಮಳವಳ್ಳಿಗೆ ಹೋದಳು. ಮರಿಗೌಡರು ಅದಕ್ಕೂ ಏನೂ ಅನ್ನಲಿಲ್ಲ. ಅವರ ಆ ಸಹನೆಯನ್ನು ಊರು ಹೊಗಳುತ್ತಿತ್ತು. ಅದರ ಭಾರ ಯಾರ ಮೇಲೆ ಬಿದ್ದಿತ್ತೆಂದು ಊರಿಗೆ ಗೊತ್ತಿರಲಿಲ್ಲ.

ಕಳೆದ ವರ್ಷ ಮರಿಗೌಡರು ತೀರಿಕೊಂಡರು. ತಿಥಿಯ ಊಟದಲ್ಲಿ ಸಿದ್ದೇಗೌಡರು ನನ್ನ ಪಕ್ಕದ ಎಲೆಗೆ ಕುಳಿತಿದ್ದರು.

"ನನ್ ತಮ್ಮ ಜೀವ ತೇಯ್ದ ಸಾ ಈ ಉಡ್ಗಿಗೆ. ನಾನೇ ಒಲೆ ಕಾವಲ್ಲಿ ಅಲಗೆ ಒಣಗಿಸ್ಕೊಟ್ಟೆ. ಅಷ್ಟು ಮಾಡುದ್ರೂ ನೀರ್ ಕಂಡು ಎದ್ರುಕೊಂಡು ಸೋತ್ಬುಟ್ಲು. ಆ ಕೊರಗ್ನಲ್ಲೇ ಓದ ಅವ್ನು."

ಸವಿತಾ ಅನ್ನದ ಪಾತ್ರೆ ಹಿಡಿದು ನಮ್ಮ ಎದುರೇ ನಿಂತಿದ್ದಳು.

"ಇನ್ನೊಂಚೂರು ಇಕ್ಲಾ ದೊಡ್ಡಪ್ಪ?" ಎಂದು ಕೇಳಿದಳು.

ಅವರು ಬೇಡವೆಂದು ಎಲೆಗೆ ಕೈ ಅಡ್ಡ ಹಿಡಿದರು. ಅವಳು ಆ ಕೈ ಸರಿಯುವವರೆಗೆ ಕಾದು, ಬಡಿಸಿ, ಮುಂದಿನ ಎಲೆಗೆ ಹೋದಳು.